ಕಚ್ಚಿಟ್ಟ ರೊಟ್ಟಿ

ಹುಡುಗನ ತಲೆಯ ಮೇಲೆ ಮೊದಲ ಗೆರೆ ಎಳೆಯುವ ಮುಂಚೆ ಕೆನೆಶ್ ಕೂದಲು ಕತ್ತರಿಸುವ ಯಂತ್ರವನ್ನು ಎರಡು ಸಲ ನಿಲ್ಲಿಸಿ ಮತ್ತೆ ಚಾಲೂ ಮಾಡಿದ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದರ ಗುಂಯ್ ಸದ್ದು ಶುರುವಾದರೆ ಮಾತು ಕೇಳಿಸುವುದಿಲ್ಲ, ನಿಂತರೆ ಮಾತಾಡಲೇಬೇಕಾಗುತ್ತದೆ. ಕುರ್ಚಿಯಲ್ಲಿ ಕೂತಿದ್ದ ಅರ್ಗೆನ್ ಅವನ ಅಕ್ಕನ ಮಗ. ಸಂಜೆಯ ವ್ಯಾನಿನಲ್ಲಿ ಸೈನ್ಯಕ್ಕೆ ಹೊರಡುವವನು. ಹುಟ್ಟಿದ ಮೇಲೆ ಅವನ ಮೊದಲ ಕೂದಲು ತೆಗೆದವನೂ ಕೆನೆಶನೇ. ಆ ಕೆಲಸ ತಾಯಕೆ ಎನಿಸಿಕೊಂಡ ಸೋದರಮಾವನದೇ, ತಂದೆ ಕೂಡ ಕತ್ತರಿ ಮುಟ್ಟುವಂತಿಲ್ಲ. ಅಂದು ಮಗುವಿನ ನೆತ್ತಿ ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು. ಇವನ ಕೈ ನಡುಗಿದ್ದನ್ನು ಕಂಡು ಹೆಂಗಸರು ನಕ್ಕಿದ್ದರು. ಈಗ ಆ ನೆತ್ತಿ ಗಟ್ಟಿಯಾಗಿದೆ, ಅದರ ಮೇಲೆ ಕುದುರೆಯಿಂದ ಬಿದ್ದ ಹಳೆಯ ಗಾಯದ ಗುರುತಿದೆ. ಕೈ ಮಾತ್ರ ಹಾಗೇ ನಡುಗುತ್ತಿದೆ.

"ಏನಾಯ್ತು ತಾಯಕೆ? ಕುರಿ ಉಣ್ಣೆ ತೆಗೆಯೋಕೂ ಜನ ಇಷ್ಟೊಂದು ಯೋಚನೆ ಮಾಡಲ್ಲ" ಎಂದ ಅರ್ಗೆನ್, ಕನ್ನಡಿಯಲ್ಲಿ ಮಾವನ ಮುಖ ನೋಡುತ್ತ.

"ಕುರಿ ಬಾಯಿ ಮುಚ್ಚಿಕೊಂಡಿರುತ್ತೆ. ತಲೆ ತಗ್ಗಿಸು."

ಹುಡುಗ ತಲೆ ತಗ್ಗಿಸಿದ. ಕತ್ತಿನ ಹಿಂಭಾಗ ಬಯಲಾಯಿತು. ಎರಡು ನರಗಳ ನಡುವಿನ ಸಣ್ಣ ಗುಳಿ, ಅಲ್ಲಿ ಮಗುವಿನಂಥ ಎಳೆಗೂದಲು. ಕೊಚ್ಕೋರಿನ ಬಸ್ ನಿಲ್ದಾಣದ ಪಕ್ಕದ ಈ ಒಂದೇ ಕುರ್ಚಿಯ ಅಂಗಡಿಯಲ್ಲಿ ಕೆನೆಶ್ ಊರಿನ ಎಲ್ಲ ಗಂಡಸರ ಕತ್ತನ್ನೂ ನೋಡಿದ್ದಾನೆ. ಮುಖದಲ್ಲಿ ಎಷ್ಟು ಜೋರು ಮಾಡುವವನಿಗೂ ಕತ್ತಿನ ಹಿಂದೆ ಆ ಗುಳಿ ಇರುತ್ತದೆ, ತನಗೆ ಅದಿದೆಯೆಂದು ಅವನಿಗೇ ಗೊತ್ತಿರುವುದಿಲ್ಲ. ಯಾಕೆ ಕ್ಷೌರದ ಕೆಲಸ ಹಿಡಿದೆ ಎಂದು ಕೇಳಿದವರಿಗೆ ಕೆನೆಶ್, ಚಳಿಯಲ್ಲಿ ಕುರಿ ಕಾಯುವುದಕ್ಕಿಂತ ವಾಸಿ ಎನ್ನುತ್ತಾನೆ. ನಿಜ ಬೇರೆ. ಈ ಕೆಲಸದಲ್ಲಿ ಯಾವಾಗಲೂ ತಾನೇ ಬೇರೆಯವರ ಬೆನ್ನ ಹಿಂದೆ ನಿಲ್ಲುತ್ತಾನೆ, ತನ್ನ ಬೆನ್ನಿಗೆ ಗೋಡೆಯಿರುತ್ತದೆ, ಬಾಗಿಲು ಕನ್ನಡಿಯಲ್ಲಿ ಕಾಣುತ್ತಿರುತ್ತದೆ. ಬಸ್ಸಿನಲ್ಲಿ ಕೊನೆಯ ಸೀಟು ಸಿಗದಿದ್ದರೆ ಅವನು ಮುಂದಿನ ಬಸ್ಸಿಗೆ ಕಾಯುತ್ತಾನೆ. ಮದುವೆಯಾಗಿ ಎರಡು ಚಳಿಗಾಲ ಜೊತೆಗಿದ್ದ ಹೆಂಡತಿ ಒಮ್ಮೆ ನಿದ್ದೆಗಣ್ಣಲ್ಲಿ ಹಿಂದಿನಿಂದ ತಬ್ಬಿದಾಗ ಮೊಣಕೈಯಿಂದ ಅವಳ ಹಲ್ಲಿಗೆ ಹೊಡೆದಿದ್ದ. ಅವಳು ಬಾಯಿ ತೊಳೆದುಕೊಂಡು ಬಂದು, ನನ್ನನ್ನ ಯಾರು ಅಂದುಕೊಂಡೆ ಎಂದು ಕೇಳಿದ್ದಳು. ಉತ್ತರ ಗೊತ್ತಿತ್ತು. ಹೇಳಲಿಲ್ಲ. ಹೇಳಿದ್ದರೆ ಅವಳು ಉಳಿಯುತ್ತಿದ್ದಳೇನೋ. ಅಥವಾ ಇನ್ನೂ ಬೇಗ ಹೋಗುತ್ತಿದ್ದಳೇನೋ. ಈ ಎರಡರಲ್ಲಿ ಯಾವುದು ನಿಜವಿರಬಹುದು ಎಂದು ತೂಗುತ್ತಲೇ ಅವನ ತಲೆ ನರೆಯಿತು.

ಇಂದು ಹೇಳಬೇಕಾದದ್ದನ್ನು ಅವನು ಬಹಳ ದಿನಗಳಿಂದ ಕಟ್ಟಿಕೊಂಡಿದ್ದ. ಉದ್ದವೇನಿಲ್ಲ. ಅಲ್ಲಿ ಹೀಗೂ ಆಗುತ್ತದೆ. ಆದರೆ ಅದು ನಿನ್ನ ತಪ್ಪಲ್ಲ. ಬಾಯಿ ಮುಚ್ಚಿಕೊಂಡಿರಬೇಡ, ನನಗೆ ಹೇಳು. ದನಕ್ಕೆ ಹುಲ್ಲು ಹಾಕುವಾಗ, ರೇಜರ್ ಮಸೆಯುವಾಗ ಇಷ್ಟನ್ನೇ ಗುನುಗಿಕೊಂಡಿದ್ದ. ಇನ್ನೊಂದು ಮಾತೂ ಇತ್ತು, ಅದಿಲ್ಲದೆ ಮಿಕ್ಕದ್ದು ಶಾಲೆಯ ಗೋಡೆಬರಹದಂತೆ ಟೊಳ್ಳಾಗುತ್ತಿತ್ತು. ನನಗೆ ಆಯಿತು ಎನ್ನುವ ಮಾತು. ಅಲ್ಲಿಗೆ ಬಂದರೆ ನಾಲಿಗೆ ಸಾಬೂನು ಮೆತ್ತಿದ ಹಾಗೆ ಜಾರುತ್ತಿತ್ತು. ಹೆಣ್ಣಿಗೆ ಆದರೆ ಅದಕ್ಕೊಂದು ಹೆಸರಿದೆ, ಅದನ್ನೂ ಜನ ಪಿಸುಗುಟ್ಟಿಯೇ ಹೇಳುತ್ತಾರೆ. ಗಂಡಿಗೆ ಆದರೆ ಬೈಗುಳ ಬಿಟ್ಟು ಬೇರೆ ಮಾತೇ ಇಲ್ಲ. ತನ್ನ ಬಗ್ಗೆ ತಾನೇ ಬೈಗುಳದಲ್ಲಿ ಹೇಳಿಕೊಳ್ಳುವುದು ಹೇಗೆ? ಕಳೆದ ಚಳಿಗಾಲದಲ್ಲಿ ಅಂಗಡಿಯ ಟಿವಿಯಲ್ಲಿ ಯಾವುದೋ ತುಕಡಿಯ ಹುಡುಗನೊಬ್ಬ ನೇಣು ಹಾಕಿಕೊಂಡ ಸುದ್ದಿ ಬಂದಿತ್ತು. ಮನೆಯ ಚಿಂತೆಯಿಂದ ಎಂದರು. ಕುರ್ಚಿಯಲ್ಲಿದ್ದವನು, "ಈಗಿನ ಹುಡುಗರಿಗೆ ಗಟ್ಟಿತನ ಇಲ್ಲ" ಎಂದ. ಹೌದು ಎಂದು ಕೆನೆಶ್ ಅವನ ಕಿವಿಯ ಹಿಂದಿನ ಕೂದಲು ಸರಿಮಾಡಿದ್ದ. ಆ 'ಹೌದು' ಇವತ್ತಿಗೂ ಹಲ್ಲಿನ ಸಂದಿಯಲ್ಲಿ ಸಿಕ್ಕ ಮಾಂಸದ ಎಳೆಯಂತೆ ಉಳಿದಿದೆ.

ಅವನು ಯಂತ್ರ ನಿಲ್ಲಿಸಿದ. "ಅರ್ಗೆನ್, ಅಲ್ಲಿ…"

"ಓಹೋ! ಸೈನಿಕನ ತಲೆ ಕಲ್ಲಂಗಡಿ ಆಗ್ತಿದೆ!" ಬಾಗಿಲು ದೂಡಿಕೊಂಡು ಗಾಳಿಯ ಜೊತೆ ಸಮ್ಸಾಲಿ ಒಳಗೆ ಬಂದ. ಪಕ್ಕದ ಮನೆಯವನು, ಟ್ರಕ್ಕಿನ ಚಾಲಕ, ಕೆನೆಶನಿಗಿಂತ ಎರಡು ವರ್ಷ ದೊಡ್ಡವನು, ಅವನಿಗಿಂತ ಮೊದಲು ಬೇರೆ ತುಕಡಿಯಲ್ಲಿ ಸೈನ್ಯ ಮುಗಿಸಿ ಬಂದವನು. ಊರಿನ ಯಾವ ಔತಣಕ್ಕೂ ನಗೆ ಹೊತ್ತು ತರುವವನು. "ಕುರಿ ಕೊಯ್ದಾಯ್ತು, ನಿಮ್ಮಕ್ಕ ಬೇಗ ಬನ್ನಿ ಅಂತಿದಾಳೆ. ಏನಪ್ಪಾ ವೀರ, ಹೆದರಿಕೆಯಾ?"

"ಯಾಕೆ ಹೆದರಿಕೆ ಅಣ್ಣಾ? ಒಂದು ವರ್ಷ ತಾನೆ."

"ಹಾಗನ್ನು! ಒಂದೇ ಒಂದು ಮಾತು ನೆನಪಿಟ್ಕೊ. ಸ್ನಾನದ ಮನೇಲಿ ಸಾಬೂನು ಕೆಳಗೆ ಬಿದ್ರೆ ಬಗ್ಗಿ ತಗೋಬೇಡ. ಹೊಸದು ಕೊಂಡ್ಕೊ!"

ಸಮ್ಸಾಲಿ ತೊಡೆ ತಟ್ಟಿಕೊಂಡು ನಕ್ಕ. ಅರ್ಗೆನ್ ಅರ್ಧ ಅರ್ಥವಾಗಿ, ಅರ್ಧ ನಾಚಿಕೊಂಡು ನಕ್ಕ. ಕನ್ನಡಿಯಲ್ಲಿ ಮೂರನೆಯ ಮುಖವೂ ನಗುತ್ತಿತ್ತು. ಹಲ್ಲು ಬಿಟ್ಟು, ಕಣ್ಣು ಕಿರಿದು ಮಾಡಿ, ಬೇಕಾದ ಹೊತ್ತಿಗೆ ಸರಿಯಾಗಿ. ಅದು ತನ್ನದೇ ಎಂದು ಕೆನೆಶನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಅವನು ಯಂತ್ರ ಚಾಲೂ ಮಾಡಿದ. ಉಳಿದ ಕೂದಲೆಲ್ಲ ಉದುರಿತು, ಅದರ ಜೊತೆ ಬೆಳಗೂ ಹೋಯಿತು.

ಮನೆಗೆ ನಡೆಯುವಾಗ ಅವನು ಬೇಕೆಂದೇ ಹಿಂದೆ ಉಳಿದ. ಮುಂದೆ ಹುಡುಗನ ಬೋಳು ತಲೆ ಏಪ್ರಿಲಿನ ಬಿಸಿಲಲ್ಲಿ ಹೊಳೆಯುತ್ತಿತ್ತು. ಬೆಟ್ಟಗಳ ಮೇಲೆ ಹಿಮ ಇನ್ನೂ ಕರಗಿರಲಿಲ್ಲ, ರಸ್ತೆಯಲ್ಲಿ ಮಾತ್ರ ಕೆಸರು. ಸೈನ್ಯದಲ್ಲಿ ಬಟ್ಟೆ ಒಗೆಯುವ ಕೋಣೆಯ ನೆಲವೂ ಹೀಗೇ ಜಾರುತ್ತಿತ್ತು. ಕಂದು ಸಾಬೂನಿನ ವಾಸನೆ. ತುಕಡಿಯಲ್ಲಿ ಮೊದಲು ಬಂದವರು ತಮ್ಮನ್ನು ಅಜ್ಜಂದಿರು ಎಂದು ಕರೆಸಿಕೊಳ್ಳುತ್ತಿದ್ದರು. ಇಪ್ಪತ್ತೊಂದು ವರ್ಷದ ಅಜ್ಜಂದಿರು. ಅವತ್ತು ಬಂದವರು ಮೂವರು. ಒಬ್ಬ ಬಾಗಿಲಿಗೆ ಒರಗಿ ನಿಂತು ಹಾಡೊಂದನ್ನು ಗುನುಗುತ್ತಿದ್ದ, ಹೊರಗಿನವರಿಗೆ ಬೇರೇನೂ ಕೇಳದಿರಲೆಂದೋ, ಸುಮ್ಮನೆ ಬೇಸರಕ್ಕೋ. ನೋವು ಕೆಲವು ವಾರಗಳಲ್ಲಿ ಹೋಯಿತು. ಹಾಡು ಉಳಿಯಿತು. ಮದುವೆಗಳಲ್ಲಿ ಅದನ್ನು ಹಾಕಿದರೆ ಕೆನೆಶ್ ಎದ್ದು ಹೊರಗೆ ಹೋಗುತ್ತಾನೆ. ಅವನಿಗೆ ಮೂತ್ರದ ತೊಂದರೆ ಎಂದು ಊರಲ್ಲಿ ನಂಬಿಕೆ. ತುಕಡಿಯ ವೈದ್ಯ ಒಳ್ಳೆಯವನೇ. ಜಾರಿ ಬಿದ್ದೆಯಾ ಎಂದು ಅವನೇ ಕೇಳಿದ, ಬಿದ್ದೆ ಎಂದ ಇವನು. ಹುಷಾರಾಗಿ ನಡಿ ಎಂದು ಬೆನ್ನು ಸವರಲು ಬಂದವನ ಕೈಯಿಂದ ಇವನು ಸರಿದು ನಿಂತಾಗ, ವೈದ್ಯ ಕಿಟಕಿಯ ಕಡೆ ನೋಡಿದ. ಅವನಿಗೂ ಗೊತ್ತಿತ್ತು. ಗೊತ್ತಿದ್ದವರೆಲ್ಲ ಕಿಟಕಿಯ ಕಡೆ ನೋಡಿದರು. ಈಗ ತಾನೂ ಅದನ್ನೇ ಮಾಡುತ್ತಿದ್ದೇನಲ್ಲವೇ ಎಂದುಕೊಂಡಾಗ ಅವನ ಹೆಜ್ಜೆ ಕೆಸರಿನಲ್ಲಿ ಹೂತಿತು. ಬೂಟು ಕೀಳಲು ಬಗ್ಗಬೇಕಾಯಿತು. ಬಗ್ಗುವ ಮುಂಚೆ, ಯಾವತ್ತಿನಂತೆ, ಹಿಂದೆ ನೋಡಿದ.

ಮನೆಯ ಒಳಗೆ ಬೆಂದ ಮಾಂಸದ ಆವಿ. ನೆಲದ ಉಣ್ಣೆ ಜಮಖಾನದ ಮೇಲೆ ಹಾಸಿದ ಬಟ್ಟೆಯಲ್ಲಿ ಬೋರ್ಸೊಕ್ ರಾಶಿ, ಕರಿದ ಹಿಟ್ಟಿನ ಆ ಸಣ್ಣ ದಿಂಬುಗಳು ಚಹಾ ಬಟ್ಟಲುಗಳ ನಡುವೆ ಉರುಳಾಡುತ್ತಿದ್ದವು. ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಬಿಳಿಗಡ್ಡದ ಮುಕಾಶ್ ಅಕ್ಸಕಲ್ ಕೂತಿದ್ದರು. ಓಣಿಗೆಲ್ಲ ಹಿರಿಯರು, ಎರಡೂ ಕಿವಿ ಮಂದ. ಅರ್ಗೆನನ ತಂದೆ ಮಾಸ್ಕೋದಲ್ಲಿ ಕಟ್ಟಡದ ಕೆಲಸಕ್ಕೆ ಹೋದಾಗಿನಿಂದ ಅಕ್ಕ ಕುಲುಯ್ಪಾ ಮತ್ತು ಹುಡುಗ ಇದೇ ತವರುಮನೆಯಲ್ಲಿದ್ದಾರೆ. ಹಾಗಾಗಿ ರೊಟ್ಟಿ ಹಿಡಿಯುವ ಗೌರವ ಸೋದರಮಾವನಿಗೆ ಬಂದಿತ್ತು. ದಂಡಿಗೆ ಹೋಗುವವನು ಹೊಸ ದುಂಡು ರೊಟ್ಟಿಯಿಂದ ಒಂದು ತುತ್ತು ಕಚ್ಚಬೇಕು. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಗೆ ತೂಗುಹಾಕುತ್ತಾರೆ. ಇನ್ನೂ ತಿನ್ನಬೇಕಾದ ಅನ್ನ ಮನೆಯಲ್ಲಿದ್ದರೆ ಹೋದವನನ್ನು ಅದು ಎಳೆದು ತರುತ್ತದೆ. ಬಂದವನು ಅದನ್ನು ತಿಂದು ಮುಗಿಸಿದ ಮೇಲೇ ಬಂದ ಹಾಗೆ.

ಕೆನೆಶನೂ ಕಚ್ಚಿದ್ದ. ಬಂದ ದಿನ ಅಪಾ, ಅವನ ತಾಯಿ, ಆ ಕಲ್ಲಿನಂಥ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಅವನ ಮುಂದಿಟ್ಟಿದ್ದಳು. ಅಂಚಿನಲ್ಲಿ ಅವನದೇ ಹಲ್ಲಿನ ಗುರುತು, ಅರ್ಧಚಂದ್ರದ ಹಾಗೆ. ಆ ಹಲ್ಲುಗಳ ಹುಡುಗ ಯಾರೋ ಬೇರೆಯವನು ಅನ್ನಿಸಿತು. ಬೇರೆಯವನ ಎಂಜಲನ್ನು ತಿನ್ನುವುದು ಹೇಗೆ? ಹೊರಗೆ ಬಿಸಿಲಲ್ಲಿ ಕೂತು ತಿಂತೀನಿ ಅಪಾ ಎಂದು ಎದ್ದುಹೋದ. ನಾಯಿಗೆ ಚಾಚಿದ, ಅದು ಮೂಸಿ ಬಿಟ್ಟಿತು. ಎಸೆಯುವುದು ಪಾಪ. ಉಗ್ರಾಣದ ಹಿಟ್ಟಿನ ಚೀಲಗಳ ಹಿಂದೆ ತುರುಕಿ, ತುಟಿಯ ಮೇಲೆ ನಾಲ್ಕು ಚೂರು ಉಜ್ಜಿಕೊಂಡು ಒಳಗೆ ಬಂದ. ಅಪಾ ಆ ಚೂರುಗಳನ್ನು ತನ್ನ ಹೆಬ್ಬೆರಳಿನಿಂದ ಒರೆಸಿದಳು. ಕೆಲವು ದಿನ ಬಿಟ್ಟು ನೋಡಿದರೆ ಚೀಲಗಳ ಹಿಂದೆ ಏನೂ ಇರಲಿಲ್ಲ. ಇಲಿಗಳು ಎಂದುಕೊಂಡ. ಇಪ್ಪತ್ತು ವರ್ಷದ ಮೇಲಾಯಿತು, ಇಲಿಗಳಿಗೆ ಋಣಿಯಾಗಿದ್ದಾನೆ.

"ಮೊದಲು ಮೊಳೆ ನೋಡ್ರಮ್ಮಾ, ಭದ್ರ ಇದೆಯಾ ಅಂತ" ಎಂದು ಯಾರೋ ಹೆಂಗಸು ಹೇಳಿದಳು. ಕುಲುಯ್ಪಾ ಎದ್ದು, ಗೋಡೆಯ ತುಂಬ ಹರಡಿದ್ದ ಕಸೂತಿಯ ದೊಡ್ಡ ಬಟ್ಟೆಯ ಮೂಲೆ ಎತ್ತಿದಳು. ಮೊಳೆ ಅದರ ಹಿಂದೆ ಇತ್ತು. ಅವಳ ಕೈ ಅಲ್ಲೇ ನಿಂತಿತು.

"ಅಪಾ, ಇಲ್ಲಿ ಆಗಲೇ ಏನೋ ತೂಗುಹಾಕಿದೆಯಲ್ಲ?"

ಹೂವಿನ ಬಟ್ಟೆಯ ಗಂಟು. ಬಟ್ಟೆ ಹೊಸದು, ಕಳೆದ ಹಬ್ಬಕ್ಕೆ ಅಪಾ ಮೇಲಂಗಿ ಹೊಲಿಸಿ ಉಳಿದ ತುಂಡು. ಕುಲುಯ್ಪಾ ಬಿಚ್ಚಿದಳು. ಬೂದು ಬಣ್ಣಕ್ಕೆ ತಿರುಗಿದ ರೊಟ್ಟಿ, ಅಂಚಿನಲ್ಲಿ ಅರ್ಧಚಂದ್ರ.

"ಇದು ಯಾರದು?"

"ನಿನ್ನ ತಮ್ಮನದು" ಎಂದಳು ಅಪಾ. ಚಹಾ ಬಗ್ಗಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಸಮ್ಸಾಲಿಗೆ. "ಅಯ್ಯಯ್ಯೋ ಕೆನೆಶ್! ಹಾಗಾದ್ರೆ ನೀನಿನ್ನೂ ಸೈನ್ಯದಿಂದ ವಾಪಸ್ಸೇ ಬಂದಿಲ್ಲ! ನಾವೆಲ್ಲ ಇಷ್ಟು ವರ್ಷ ಯಾರ ಕೈಲಿ ಕೂದಲು ತೆಗೆಸಿಕೊಂಡ್ವಿ, ದೆವ್ವದ ಕೈಲಾ?"

ಕೋಣೆಗೆ ಕೋಣೆಯೇ ನಕ್ಕಿತು. ಹೆಂಗಸರು ಬಾಯಿಗೆ ಸೆರಗಿನಂತೆ ತಲೆವಸ್ತ್ರದ ತುದಿ ಹಿಡಿದು ನಕ್ಕರು. ಕೆನೆಶನ ಮುಖವೂ ತನ್ನಷ್ಟಕ್ಕೆ ತಾನೇ ನಗುವಿಗೆ ಅಣಿಯಾಯಿತು. ತುಟಿ ಹರಡಿತು, ಕಣ್ಣು ಕಿರಿದಾಯಿತು. ಆದರೆ ಅವನ ದೃಷ್ಟಿ ಅಪಾಳ ಕೈಗಳ ಮೇಲೆ ಬಿದ್ದಿತ್ತು. ಅವಳು ಬಗ್ಗಿಸುತ್ತಿದ್ದ ಬಟ್ಟಲು ತುಂಬಿ ಹರಿಯುತ್ತಿತ್ತು. ಅತಿಥಿಯ ಬಟ್ಟಲನ್ನು ಅರ್ಧಕ್ಕಿಂತ ಮೇಲೆ ಎಂದೂ ತುಂಬದವಳು. ತುಂಬಿ ಕೊಟ್ಟರೆ ಎದ್ದು ಹೋಗು ಎಂದ ಹಾಗೆ. ಇವಳಿಗೆ ಗೊತ್ತಿತ್ತು. ಏನೆಂದು ಗೊತ್ತಿರಲಿಲ್ಲ, ಮಗ ಬಂದಿಲ್ಲ ಎಂದು ಮಾತ್ರ ಗೊತ್ತಿತ್ತು. ಚೀಲಗಳ ಹಿಂದಿನಿಂದ ತೆಗೆದು, ಧೂಳು ಒರೆಸಿ, ವರ್ಷವರ್ಷವೂ ಬಟ್ಟೆ ಬದಲಿಸಿ ಮೊಳೆಗೆ ಹಾಕುತ್ತ, ಅದರ ಕೆಳಗೇ ಕೂತು ಅವನಿಗೆ ಊಟ ಬಡಿಸುತ್ತ, ಅವನು ಬರಲೆಂದು ಕಾದಿದ್ದಳು.

"ಹೌದು. ಬಂದಿಲ್ಲ" ಎಂದ ಕೆನೆಶ್.

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನಗು ಒಂದೊಂದೇ ಬಾಯಲ್ಲಿ ಆರಿತು. ಅವನು ಹೊಸ ರೊಟ್ಟಿಯನ್ನು ಎತ್ತಿಕೊಂಡು ಅರ್ಗೆನನ ಎದುರು ಹೋಗಿ ಕೂತ. ಬೆನ್ನು ಇಡೀ ಕೋಣೆಗೆ ತೆರೆದಿತ್ತು. ಅದು ಅವನ ಗಮನಕ್ಕೂ ಬಂತು, ಆದರೂ ಏಳಲಿಲ್ಲ. ಈ ಹೊತ್ತಿಗೆ ಎಲ್ಲರೂ ಹೇಳುವ ಮಾತೊಂದಿದೆ, ಗಂಡಸಾಗಿ ಬಾ ಎಂದು. ಅದೇ ಮಾತು ಅವನ ಬಾಯಿಯವರೆಗೂ ಬಂದು ನಿಂತಿತ್ತು.

"ಹೋಗುವಾಗ ಹೇಗಿದೀಯೋ ಹಾಗೇ ಬಾ" ಎಂದ. "ಹಾಗೆ ಬರೋಕೆ ಆಗದೇ ಹೋದ್ರೂ ಬಾ. ಅರ್ಗೆನ್, ನಿನಗೆ ಬೆಳಿಗ್ಗೆನೇ ಹೇಳಬೇಕಿತ್ತು. ನನ್ನನ್ನ ಅಲ್ಲಿ ಮೂವರು… ಒಗೆಯೋ ಕೋಣೇಲಿ. ಹೆಂಗಸರಿಗೆ ಮಾಡ್ತಾರಲ್ಲ, ಹಾಗೆ. ನಾನು ಜಾರಿ ಬಿದ್ದೆ ಅಂತ ಹೇಳಿದೆ. ಬಿದ್ದಿರಲಿಲ್ಲ. ನಿನಗೆ ಹಾಗಾಗಲ್ಲ, ಆಗಬಾರದು. ಆದ್ರೆ ಯಾರಾದ್ರೂ ನಿನ್ನ ಮೈಮೇಲೆ, ಇಲ್ಲಾ ಬೇರೆ ಹುಡುಗನ ಮೈಮೇಲೆ ಕೈ ಹಾಕಿದ್ರೆ, ನಾಚಿಕೆ ಅವರದು. ನಿನ್ನದಲ್ಲ. ನನಗೆ ಫೋನ್ ಮಾಡು. ನಾನು ಬರ್ತೀನಿ. ಗೇಟಿನ ಮುಂದೆ ನಿಂತು ಕೂಗ್ತೀನಿ."

ಒಲೆಯ ಮೇಲೆ ಮಾಂಸದ ನೀರು ಕುದಿಯುವುದು ಕೇಳುತ್ತಿತ್ತು. ಯಾರೋ ಬಟ್ಟಲು ಕೆಳಗಿಟ್ಟರು. ಕಿಟಕಿಯ ಕಡೆ ಹೊರಳುವ ಕಣ್ಣುಗಳು ಅವನಿಗೆ ಕಾಣದಿದ್ದರೂ ಬೆನ್ನಿಗೆ ತಾಕಿದವು. ಮುಗಿಯಿತು, ಈ ಓಣಿಯಲ್ಲಿ ಇನ್ನು ಯಾರೂ ನನ್ನ ಕೈಗೆ ಕತ್ತು ಕೊಡುವುದಿಲ್ಲ ಎಂದುಕೊಂಡ. ಆ ವಿಚಾರ ಅಷ್ಟೇನೂ ಭಾರವಾಗಿರಲಿಲ್ಲ ಎನ್ನುವುದೇ ಅವನಿಗೆ ಆಶ್ಚರ್ಯ.

"ಏನಂದ?" ಮುಕಾಶ್ ಅಕ್ಸಕಲ್ ಕಿವಿಗೆ ಅಂಗೈ ಹಿಡಿದರು. "ಎಲ್ಲಾ ಯಾಕೆ ಸುಮ್ಮನಾದ್ರಿ? ಜೋರಾಗಿ ಹೇಳಿ, ಏನಂದ ಕೆನೆಶ್?"

ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರಿಗೂ ಕೇಳಿಸಿತ್ತು, ಇನ್ನೊಮ್ಮೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಪಾ ಚಹಾ ಪಾತ್ರೆ ಕೆಳಗಿಟ್ಟಳು. ಮೊಣಕಾಲ ಮೇಲೆ ಸರಿದು ಮುದುಕನ ಕಿವಿಯ ಹತ್ತಿರ ಬಂದಳು. ಅವಳು ಕೂಗಿದರೆ ಆಚೆ ದಡದ ಕುರಿಗಳೂ ತಿರುಗುತ್ತಿದ್ದವು.

"ಸೈನ್ಯದಲ್ಲಿ ನನ್ನ ಮಗನ ಮೈ ಕೆಡಿಸಿದ್ರಂತೆ, ಅಕ್ಸಕಲ್! ಮೂವರು! ತಪ್ಪು ಅವನದಲ್ಲ ಅಂತ ನಾನು ಹೇಳ್ತಿದೀನಿ! ಅದನ್ನ ಹುಡುಗನಿಗೆ ಹೇಳಿ ಕಳಿಸ್ತಿದಾನೆ!"

ಮುದುಕ ಅಂಗೈ ಕಿವಿಯಿಂದ ತೆಗೆಯಲಿಲ್ಲ. ಬಹಳ ಹೊತ್ತು ರೊಟ್ಟಿಯ ಕಡೆ, ಹಳೆಯದರ ಕಡೆ, ನೋಡಿದರು.

"ಒಳ್ಳೇದು ಮಾಡಿದ" ಎಂದರು ಕೊನೆಗೆ, ಕಿವುಡರ ಆ ದೊಡ್ಡ ದನಿಯಲ್ಲಿ. "ಹುಲ್ಲುಗಾವಲಿಗೆ ಹೋಗೋನಿಗೆ ತೋಳ ಎಲ್ಲಿದೆ ಅಂತ ಹೇಳ್ತೀವಿ. ಇದನ್ನ ಯಾಕೆ ಹೇಳಲ್ಲ ನಾವು? ಕೆನೆಶ್, ಹಿಡಿ ರೊಟ್ಟಿ. ಹುಡುಗ ಹಸಿದಿದಾನೆ."

ಅರ್ಗೆನ್ ಕಚ್ಚಿದ. ಅಗಿಯುವಾಗ ಅವನ ಕಣ್ಣು ಮಾವನ ಮುಖ ಬಿಟ್ಟು ಕದಲಲಿಲ್ಲ. ಮುಕಾಶ್ ಅಂಗೈಗಳನ್ನು ಮೇಲೆತ್ತಿ, ಹೋಗುವವನಿಗೂ ಬಂದವನಿಗೂ ದಾರಿ ಸುಗಮವಾಗಲಿ ಎಂದು ಹರಸಿದರು. "ಬಂದವನಿಗೂ" ಎನ್ನುವುದು ಹರಕೆಯಲ್ಲಿ ಮೊದಲು ಇರಲಿಲ್ಲ. ಓಮಿನ್ ಎಂದು ಎಲ್ಲರೂ ಮುಖ ಸವರಿಕೊಂಡರು. ಕೆಲವರ ಕೈಗಳು ಮುಖದ ಮೇಲೆ ತುಸು ಹೆಚ್ಚು ಹೊತ್ತು ನಿಂತವು. ಸಮ್ಸಾಲಿ ಸಿಗರೇಟಿನ ನೆಪದಲ್ಲಿ ಎದ್ದು ಹೊರಗೆ ಹೋದ. ತಲೆಬಾಗಿಲ ಹತ್ತಿರ ಕೂತಿದ್ದ ಇಬ್ಬರು, ಮಾಂಸ ಬರುವ ಮುಂಚೆಯೇ, ದನ ನೋಡಬೇಕು ಎಂದು ಎದ್ದರು. ಎಲ್ಲರೂ ಉಳಿಯಲಿಲ್ಲ.

ಅಪಾ ಹಳೆಯ ರೊಟ್ಟಿಯನ್ನು ಬಿಸಿ ಚಹಾದ ಬೋಗುಣಿಯಲ್ಲಿ ಮುಳುಗಿಸಿ ಅವನ ಮುಂದಿಟ್ಟಳು. "ಇನ್ನೊಂದು ಮೊಳೆ ಹೊಡೀಬಹುದಿತ್ತು" ಎಂದಳು ಮೆಲ್ಲಗೆ. "ಕುಲುಯ್ಪಾ ಬೆಳಿಗ್ಗೆ ಸುತ್ತಿಗೆ ಕೇಳಿದಳು. ಬೇಕಂತಲೇ ಸಿಕ್ತಿಲ್ಲ ಅಂದೆ."

"ನೀನು ಒಂದು ಸಲನೂ ಕೇಳಲಿಲ್ಲ ಅಪಾ."

"ಹೇಗೆ ಕೇಳಲಿ? ತುಟಿಗೆ ಚೂರು ಮೆತ್ತಿಕೊಂಡು ಬಂದಿದ್ದೆ ನೀನು." ಅವಳ ಹೆಬ್ಬೆರಳು ಬೋಗುಣಿಯ ಅಂಚನ್ನು ಉಜ್ಜುತ್ತಿತ್ತು. "ಕೇಳಬೇಕಿತ್ತು. ಹೆದರಿದೆ. ತಿನ್ನು, ಮೆತ್ತಗಾಗಿದೆ."

ಮೆತ್ತಗಾಗಿರಲಿಲ್ಲ. ಧೂಳಿನ, ಗೋಡೆಯ, ಹಳೆಯ ಹೊಗೆಯ ರುಚಿ. ಹಲ್ಲಿನ ಗುರುತಿನ ಕಡೆಯಿಂದಲೇ ಶುರುಮಾಡಿದ. ಅರ್ಗೆನ್ ಪಕ್ಕದಲ್ಲಿ ಬಂದು ಕೂತು, ಕೇಳದೆಯೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದ. "ತಾಯಕೆ, ನನ್ನದನ್ನ ಇಷ್ಟು ದಿನ ಇಡಬೇಡಿ. ನಾನು ಬಂದ ದಿನಾನೇ ತಿಂತೀನಿ. ಮತ್ತೆ… ಪ್ರತಿ ಭಾನುವಾರ ಫೋನ್ ಮಾಡ್ತೀನಿ. ಮಾಡದೇ ಇದ್ರೆ ನೀವು ಬಂದು ಕೂಗಿ." ನಗಲು ಹೋದ ಹುಡುಗ ತಲೆ ತಗ್ಗಿಸಿದ. ಕೆನೆಶ್ ಅವನ ಬೋಳು ನೆತ್ತಿಯ ಮೇಲೆ ಅಂಗೈ ಇಟ್ಟ. ಕೈ ನಡುಗಲಿಲ್ಲ.

ಬಸ್ ನಿಲ್ದಾಣದ ಬಳಿ ವ್ಯಾನಿನ ಸುತ್ತ ಜನ ಕಿಕ್ಕಿರಿದಿದ್ದರು. ಬೇರೆ ಹುಡುಗರು, ಬೇರೆ ತಾಯಂದಿರು, ಅಕಾರ್ಡಿಯನ್ ನುಡಿಸುವವನೊಬ್ಬ. ಅರ್ಗೆನ್ ಕಿಟಕಿಯ ಪಕ್ಕ ಕೂತು ಕಿವಿಗೆ ಕೈ ಹಚ್ಚಿ ಫೋನಿನ ಸನ್ನೆ ಮಾಡಿ ತೋರಿಸಿದ. ಕೆನೆಶನೂ ಹಾಗೇ ಮಾಡಿ ತೋರಿಸಿದ. ಆಗ ಬೆನ್ನಿಗೆ ತೀರ ಹತ್ತಿರ ಯಾರದೋ ಉಸಿರು. ಸಿಗರೇಟಿನ ವಾಸನೆ.

"ನಾನು ತಮಾಷೆಗೆ ಅಂದಿದ್ದು ಕಣೋ" ಎಂದಿತು ಸಮ್ಸಾಲಿಯ ದನಿ. "ಬೆಳಿಗ್ಗೆದೂ. ಎಲ್ಲಾ."

"ಗೊತ್ತು."

ವ್ಯಾನು ಹೊಗೆ ಕಾರಿತು. ಹೆಂಗಸರು ಅತ್ತರು, ಅಕಾರ್ಡಿಯನ್ ಇನ್ನೂ ಜೋರಾಯಿತು. ಸಮ್ಸಾಲಿ ಹೋಗಿರಲಿಲ್ಲ. ಅವನ ಉಸಿರು ಕತ್ತಿನ ಗುಳಿಗೆ ತಾಕುತ್ತಿತ್ತು.

"ಕೆನೆಶ್." ನಗೆ ಹೊತ್ತು ತರುವವನ ದನಿ ಅಲ್ಲ ಅದು. ಕೆನೆಶ್ ಅದನ್ನು ಎಂದೂ ಕೇಳಿರಲಿಲ್ಲ. "ಆಮೇಲೆ… ನಿದ್ದೆಗೆ ನೀನು ಏನು ಮಾಡ್ತಿದ್ದೆ?"

ವ್ಯಾನು ತಿರುವಿನಲ್ಲಿ ಮರೆಯಾಯಿತು. ಕೆನೆಶನ ಹಲ್ಲಿನ ಸಂದಿಯಲ್ಲಿ ರೊಟ್ಟಿಯ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ನಾಲಿಗೆಯಿಂದ ಬಿಡಿಸಿ, ಅಗಿದು, ನುಂಗಿದ.

"ನಾಳೆ ಅಂಗಡಿ ತೆಗೆಯೋ ಮುಂಚೆ ಬಾ" ಎಂದ. "ಕೂದಲು ಬೆಳೆದಿದೆ ನಿಂದು. ಚಹಾ ಮಾಡ್ತೀನಿ."

ಹಿಂದಿನಿಂದ ಒಂದು ಕೈ ಬಂದು ಅವನ ಭುಜದ ಮೇಲೆ ಕೂತಿತು, ಭಾರವಾಗಿ, ಅಂಜುತ್ತ. ಮೈ ಒಮ್ಮೆ ಬಿಗಿಯಿತು. ಕೆನೆಶ್ ತಿರುಗಿ ನೋಡಲಿಲ್ಲ, ಸರಿದು ನಿಲ್ಲಲೂ ಇಲ್ಲ. ರಸ್ತೆಯ ಕಡೆ ಮುಖ ಮಾಡಿ, ಆ ಕೈ ತಾನಾಗಿ ಏಳುವವರೆಗೂ ಹಾಗೇ ನಿಂತಿದ್ದ.